ಚಳಿ ಮುಂಜಾನೆ ಮಾತ್ರ ಕಾಡೋ ಎಲೆಕ್ಟ್ರಿಕಲ್ ಫಾಲ್ಟ್: ಹಳೇ ಲಕ್ಸುರಿ ಫೋರ್ ಬೈ ಫೋರ್ ಜೊತೆ ನನ್ನ ಅನುಭವ

ಬಳ್ಳಾರಿಲಿ ಚಳಿ ಅಂದ್ರೆ ಹೊರಗಿನವ್ರು ನಂಬಲ್ಲ. ಡಿಸೆಂಬರ್ ಜನವರಿಲಿ ಸಂಡೂರು ಗುಡ್ಡದ ಕಡೆ ಮುಂಜಾನೆ ಐದೂವರೆಗೆ ಎದ್ದು ನೋಡ್ರಿ, 13-14 ಡಿಗ್ರಿ ಇರುತ್ತೆ, ಗಾಡಿ ಗಾಜಿನ ಮೇಲೆ ಇಬ್ಬನಿ ನೀರಾಗಿ ಇಳೀತಿರುತ್ತೆ. ಅದೇ ಗಾಡಿ ಏಪ್ರಿಲ್ ಮೇನಲ್ಲಿ 40 ಡಿಗ್ರಿ ಮೇಲಿನ ಬಿಸಿಲಲ್ಲಿ ಬೆಂದಿರುತ್ತೆ, ಅದ್ರ ಮೇಲೆ ಗಣಿ ಕೆಂಪು ಧೂಳು ಬೇರೆ. ಹಳೇ ಗಾಡಿ ವೈರಿಂಗ್‌ಗೆ ಇದಕ್ಕಿಂತ ಕಷ್ಟದ ಊರು ಹುಡುಕಿದ್ರೂ ಸಿಗೋದು ಕಡಿಮೆ.

ನಾನು ಆಟೋ ಎಲೆಕ್ಟ್ರಿಷಿಯನ್, ಹೊಸಪೇಟೆ ರೋಡಲ್ಲಿ ಶೆಡ್ ಐತೆ. ಅದಿರು ವ್ಯಾಪಾರ ಜೋರಿದ್ದ ಕಾಲದಲ್ಲಿ ನಮ್ ಕಡೆ ಬೇಕಾದಷ್ಟು ಫಾರಿನ್ ಗಾಡಿ ಬಂದ್ವು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದ್ರಲ್ಲಿ ಎಷ್ಟೋ ಸೆಕೆಂಡ್ ಹ್ಯಾಂಡಾಗಿ ಕೈ ಬದಲಾಯ್ಸಿದ್ವು. ಈಗ ಅವುಕ್ಕೆಲ್ಲ ವಯಸ್ಸಾಗೈತೆ. ಬಾಡಿ ಗಟ್ಟಿ, ಇಂಜಿನ್ ಗಟ್ಟಿ, ಆದ್ರೆ ಒಳಗೆ ಸಸ್ಪೆನ್ಷನ್‌ಗೊಂದು, ಗೇರ್‌ಬಾಕ್ಸ್‌ಗೊಂದು, ಪಾರ್ಕಿಂಗ್ ಬ್ರೇಕ್‌ಗೊಂದು ಅಂತ ಹತ್ತಾರು ಮಾಡ್ಯೂಲ್, ಅಂದ್ರೆ ಚಿಕ್ಕ ಕಂಪ್ಯೂಟರ್ ಡಬ್ಬಿ ಇರ್ತಾವೆ, ಎಲ್ಲಾ ಕ್ಯಾನ್ ಲೈನ್ ಅನ್ನೋ ಜೋಡಿ ವೈರಲ್ಲಿ ಒಂದಕ್ಕೊಂದು ಮಾತಾಡ್ತಾವೆ, ಒಂದಕ್ಕೆ ಕರೆಂಟ್ ಸರಿಯಾಗಿ ಸಿಗ್ಲಿಲ್ಲ ಅಂದ್ರೆ ಉಳಿದವೆಲ್ಲ ಅದ್ರ ಮೇಲೆ ಕಂಪ್ಲೇಂಟ್ ಹೇಳೋಕೆ ಶುರು ಮಾಡ್ತಾವೆ.

ಈಗ ಹೇಳೋ ಗಾಡಿ ಅಂಥದ್ದೇ, 2007ರ ಮಾಡಲ್, ವಿ6 ಡೀಸೆಲ್, ಏರ್ ಸಸ್ಪೆನ್ಷನ್. ಸಂಡೂರಿಂದ ಡ್ರೈವರ್ ತಗೊಂಡು ಬಂದಿದ್ದ. "ಅಣ್ಣಾ, ಮುಂಜಾನೆ ಕೀ ತಿರುಗಿಸಿದ್ರೆ ಮೀಟರಲ್ಲಿ ಜಾತ್ರೆ ಸೀರಿಯಲ್ ಸೆಟ್ ಹಚ್ಚಿದಂಗೆ ಎಲ್ಲಾ ಲೈಟ್ ಹತ್ತುತ್ತೆ, ಸಸ್ಪೆನ್ಷನ್ ಫಾಲ್ಟ್ ಅಂತೈತೆ, ಗೇರ್‌ಬಾಕ್ಸ್ ಫಾಲ್ಟ್ ಅಂತೈತೆ, ಹತ್ತು ಗಂಟೆ ಮೇಲೆ ಏನೂ ಇಲ್ಲ" ಅಂದ. ಸಾವ್ಕಾರ್ರು ಅದಾಗ್ಲೇ ದೊಡ್ಡ ಊರಿಗೆ ಒಂದ್ ಕಡೆ ಕಳಿಸಿ ಬಂದಿದ್ರು, ಅಲ್ಲಿ ಸ್ಕ್ಯಾನರ್ ಹಾಕಿ ಎರಡು ಮಾಡ್ಯೂಲ್ ಬದಲಾಯ್ಸಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ರು, ಆ ದುಡ್ಡಲ್ಲಿ ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರೇ ಬರ್ತಿತ್ತು.

ನಾನೂ ಸ್ಕ್ಯಾನರ್ ಹಾಕ್ದೆ. ಕೋಡ್ ಪಟ್ಟಿ ಉದ್ದಕ್ಕೆ ಬಂತು, ಬಹಳಷ್ಟು ಯು ಇಂದ ಶುರುವಾಗೋವು, ಅಂದ್ರೆ ಆ ಮಾಡ್ಯೂಲ್ ಜೊತೆ ಸಂಪರ್ಕ ಸಿಗ್ತಿಲ್ಲ ಅನ್ನೋವು, ಮಧ್ಯೆ ಎರಡು ಮೂರು ಕಡೆ ಸಪ್ಲೈ ವೋಲ್ಟೇಜ್ ಕಡಿಮೆ ಅಂತ. ನನ್ನ ಲೆಕ್ಕದಲ್ಲಿ ಈ ಪಟ್ಟಿಲಿ ಬೆಲೆ ಇರೋದು ಆ ವೋಲ್ಟೇಜ್ ಕೋಡ್‌ಗೆ ಮಾತ್ರ. ಬೇರೆ ಬೇರೆ ಕೆಲಸದ ಮಾಡ್ಯೂಲ್‌ಗಳು ಒಂದೇ ಮುಂಜಾನೆ ಒಟ್ಟಿಗೆ ಕೆಟ್ಟು ಹತ್ತು ಗಂಟೆಗೆ ಒಟ್ಟಿಗೆ ಸರಿಯಾಗೋದುಂಟಾ? ಆದ್ರೂ ಕ್ಯಾನ್ ಲೈನ್ ನೋಡಿ ಬಿಡೋಣ ಅಂತ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚೋ ಓಬಿಡಿ ಸಾಕೆಟಲ್ಲಿ ಆ ಲೈನಿನ 6 ಮತ್ತೆ 14ನೇ ಪಿನ್ ಮಧ್ಯೆ ಓಮ್ಸ್ ಅಳತೆ ಮಾಡ್ದೆ, 60 ತೋರಿಸ್ತು. ಎರಡೂ ತುದಿಲಿ 120 ಓಮ್ಸ್ ರೆಸಿಸ್ಟರ್ ಇರ್ತಾವೆ, ಎರಡೂ ಪ್ಯಾರಲಲ್ ಆಗಿ 60 ಬರಬೇಕು, ಬಂತು. 120 ಬಂದಿದ್ರೆ ಎಲ್ಲೋ ಲೈನ್ ಕಟ್ಟಾಗೈತೆ ಅಂತ ಅರ್ಥ ಆಗ್ತಿತ್ತು.

ಮಧ್ಯಾಹ್ನ 30 ಡಿಗ್ರಿಲಿ ಈ ಫಾಲ್ಟ್ ಹುಡುಕೋದು ವ್ಯರ್ಥ. ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗು ಅಂತ ಡ್ರೈವರ್‌ಗೆ ಹೇಳಿ ಶೆಡ್ಡಿನ ಹೊರಗೆ ಬಯಲಲ್ಲಿ ನಿಲ್ಸಿದೆ, ಚಳಿ ಚೆನ್ನಾಗಿ ಬೀಳ್ಲಿ ಅಂತ. ಇಲ್ಲೊಂದು ಕೆಲಸ ಬಹಳ ಜನ ಬಿಡ್ತಾರೆ. ಬಾನೆಟ್ ತೆಗೆದಿಟ್ರೆ ಗಾಡಿಗೆ ಗೊತ್ತಾಗುತ್ತೆ, ಕೆಲವು ಮಾಡ್ಯೂಲ್ ನಿದ್ದೆಗೆ ಹೋಗೋದೇ ಇಲ್ಲ, ರಾತ್ರಿಯೆಲ್ಲ ಬ್ಯಾಟರಿ ತಿಂದು ಮುಂಜಾನೆ ಸುಳ್ಳು ರೀಡಿಂಗ್ ಬರುತ್ತೆ. ಅದಕ್ಕೆ ಬಾನೆಟ್ ಎತ್ತಿಟ್ಟೇ ಅದ್ರ ಲಾಕನ್ನ ಸ್ಕ್ರೂಡ್ರೈವರ್ ತುದಿಯಿಂದ ಟಕ್ ಅಂತ ಮುಚ್ಚೋ ಕಡೆ ತಿರುಗಿಸಿ ಬಿಡಬೇಕು, ಬಾನೆಟ್ ಮುಚ್ಚೈತೆ ಅಂತ ಗಾಡಿ ಅಂದ್ಕೊಳ್ಳುತ್ತೆ. ಮುಂಜಾನೆ ಬಾನೆಟ್ ಮುಚ್ಚೋ ಮುಂಚೆ ಲಿವರ್ ಎಳೆದು ಆ ಲಾಕ್ ಬಿಡಿಸೋದು ನೆನಪಿರ್ಲಿ. ರಿಮೋಟ್ ಕೀ ಕೂಡ ಗಾಡಿ ಹತ್ರ ಇಡಬಾರ್ದು.

ಮುಂಜಾನೆ ಐದೂವರೆಗೆ ಬಂದೆ, ಹುಡುಗನ ಕೈಗೆ ಕೀ ಕೊಟ್ಟೆ, ನಾನು ಮಲ್ಟಿಮೀಟರ್ ಹಿಡ್ಕೊಂಡು ನಿಂತೆ. ಸುಮ್ನೆ ಇದ್ದಾಗ ಬ್ಯಾಟರಿ 12.4 ವೋಲ್ಟ್. ಫುಲ್ ಚಾರ್ಜ್ ಅಂದ್ರೆ 12.6 ಮೇಲಿರಬೇಕು, 12.4 ಅಂದ್ರೆ ಮುಕ್ಕಾಲು ಪಾಲು, 12.2 ಅಂದ್ರೆ ಅರ್ಧ. ಸೆಲ್ಫ್ ಹೊಡೆಸಿದಾಗ ಬ್ಯಾಟರಿ ಪೋಸ್ಟ್ ಮೇಲೆ 9.6ಕ್ಕೆ ಇಳೀತು. ಅದು ಅಂಚಿನ ಮೇಲೆ ಐತೆ, ಆದ್ರೆ ಇಷ್ಟೆಲ್ಲಾ ಲೈಟ್ ಹತ್ತೋಕೆ ಅದೊಂದೇ ಸಾಲದು. ಆಮೇಲೆ ಮೀಟರಿನ ಒಂದು ವೈರ್ ಬ್ಯಾಟರಿ ಮೈನಸ್ ಪೋಸ್ಟ್ ಮೇಲೆ, ಕ್ಲಾಂಪ್ ಮೇಲಲ್ಲ, ಸೀಸದ ಪೋಸ್ಟ್ ಮೇಲೇ ಇಟ್ಟೆ, ಇನ್ನೊಂದು ಬಾಡಿ ಮೇಲೆ ಪೇಂಟ್ ಇಲ್ಲದ ಕಡೆ ಒತ್ತಿ ಹಿಡಿದೆ, ಹುಡುಗ ಸೆಲ್ಫ್ ಹೊಡೆದ. ಮೀಟರ್ 1.3 ವೋಲ್ಟ್ ತೋರಿಸ್ತು, ಅಂದ್ರೆ ಅಷ್ಟು ದಾರೀಲೇ ಸೋರಿ ಹೋಗ್ತೈತೆ! ಅಲ್ಲಿ 0.2ಕ್ಕಿಂತ ಜಾಸ್ತಿ ಬರಬಾರ್ದು. ಬಾಡಿಯಿಂದ ಇಂಜಿನ್‌ಗೆ ನೋಡಿದ್ರೆ 0.1, ಅದು ಸರಿ. ಪ್ಲಸ್ ಕಡೆ ಬ್ಯಾಟರಿಯಿಂದ ಸ್ಟಾರ್ಟರ್ ತನಕ 0.3, ಅದೂ ಪರವಾಗಿಲ್ಲ. ಹಂಗಾದ್ರೆ ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗೋ ಅರ್ಥ್ ಕೇಬಲ್ಲಲ್ಲೇ ಕಳ್ಳ ಕೂತಾನೆ.

ಲೆಕ್ಕ ನೋಡ್ರಿ, ಮಾಡ್ಯೂಲ್‌ಗಳ ಅರ್ಥ್ ಎಲ್ಲಾ ಬಾಡಿಗೇ ಇರುತ್ತೆ. ಬ್ಯಾಟರಿಲಿ 9.6 ಇದ್ರೂ ಅವುಕ್ಕೆ ಸಿಗೋದು 8.3 ಮಾತ್ರ, 9ರ ಕೆಳಗೆ ಇಳಿದ್ರೆ ಎಷ್ಟೋ ಮಾಡ್ಯೂಲ್ ಕೈ ಚೆಲ್ಲಿ ರೀಸೆಟ್ ಆಗ್ತಾವೆ.

ಹಂಗಾದ್ರೆ ಹತ್ತು ಗಂಟೆಗೆ ಹೆಂಗೆ ಸರಿ ಹೋಗ್ತಿತ್ತು ಅಂತ ಡ್ರೈವರ್ ಕೇಳ್ದ. ಚಳಿಗೆ ವೈರಿನ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತೆ ಅಂತ ಬಹಳ ಜನ ಅಂದ್ಕೊಂಡಿದಾರೆ, ಅದು ಉಲ್ಟಾ, ತಾಮ್ರ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಕಡಿಮೆನೇ ಆಗುತ್ತೆ, 10 ಡಿಗ್ರಿಗೆ ಸುಮಾರು 4 ಪರ್ಸೆಂಟ್. ಜಾಸ್ತಿ ಆಗೋದು ಕರೆಂಟ್. ತಣ್ಣಗಿರೋ ಇಂಜಿನ್ ಆಯಿಲ್ ಗಟ್ಟಿ ಇರುತ್ತೆ, ಇಂಜಿನ್ ತಿರುಗಿಸೋಕೆ ಸ್ಟಾರ್ಟರ್ ಜಾಸ್ತಿ ಆಂಪ್ಸ್ ಎಳೆಯುತ್ತೆ. ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋ ಕ್ಲಾಂಪ್ ಮೀಟರಲ್ಲಿ ಮುಂಜಾನೆ 450 ಆಂಪ್ಸ್ ಹತ್ರ ಬಂತು, ಬಿಸಿಲೇರಿದ ಮೇಲೆ 300 ಹತ್ರ. ಅದೇ ಹಾಳು ಜಾಯಿಂಟಲ್ಲಿ 450 ಆಂಪ್ಸ್‌ಗೆ 1.3 ವೋಲ್ಟ್ ಹೋದ್ರೆ 300ಕ್ಕೆ 0.9 ಹೋಗುತ್ತೆ. ಅತ್ಲಾಗೆ ಬಿಸಿ ಏರಿದ ಬ್ಯಾಟರಿ ಕೂಡ ಅಷ್ಟು ಕುಸಿಯಲ್ಲ, 10.4ರಲ್ಲಿ ನಿಲ್ಲುತ್ತೆ. 10.4ರಲ್ಲಿ 0.9 ಕಳೆದ್ರೆ 9.5, ಮಾಡ್ಯೂಲ್‌ಗಳು ಬದುಕ್ತಾವೆ. ಫಾಲ್ಟ್ ದಿನಾ ಇಡೀ ದಿನ ಇತ್ತು, ಮುಂಜಾನೆ ಮಾತ್ರ ಗೆರೆ ದಾಟ್ತಿತ್ತು.

ಖಾತ್ರಿ ಮಾಡ್ಕೊಳ್ಳೋಕೆ ಮಾರನೇ ದಿನ ಅದೇ ಚಳಿಲಿ ಒಂದು ದಪ್ಪ ಜಂಪರ್ ಕೇಬಲ್ ಬ್ಯಾಟರಿ ಮೈನಸ್‌ನಿಂದ ಸೀದಾ ಬಾಡಿಗೆ ಕಚ್ಚಿಸಿ ಸ್ಟಾರ್ಟ್ ಮಾಡಿಸ್ದೆ. ಗರ್ ಅಂತ ಒಂದೇ ಏಟಿಗೆ ಹತ್ಕೊಂಡ್ತು, ಡ್ಯಾಶ್‌ಬೋರ್ಡ್ ಮೀಟರಲ್ಲಿ ಒಂದು ಲೈಟ್ ಇಲ್ಲ. ಡ್ರೈವರ್ ಮುಖ ನೋಡ್ಬೇಕಿತ್ತು.

ಆ ಕೇಬಲ್ ಹೊರಗಿಂದ ನೋಡಿದ್ರೆ ಹೊಸದರಂಗೆ ಇತ್ತು. ಕೇಬಲ್ ತುದಿಯ ಲಗ್ಗಿನ (ಬೋಲ್ಟ್ ಕೂರೋ ಬಳೆ) ಹತ್ರ ಸ್ಲೀವ್ ಬ್ಲೇಡಿಂದ ಸೀಳಿದೆ, ಒಳಗೆ ತಾಮ್ರದ ಎಳೆ ಅರ್ಧ ಹಸಿರು ಅರ್ಧ ಕಪ್ಪು, ಬೆರಳಲ್ಲಿ ಉಜ್ಜಿದ್ರೆ ಪುಡಿ ಉದುರ್ತಿತ್ತು. ಬಾಡಿಗೆ ಕೂರೋ ಬೋಲ್ಟ್ ಕೆಳಗೆ ಕೆಂಪು ಧೂಳು ಇಬ್ಬನಿ ನೀರಲ್ಲಿ ಕಲಸಿ ಒಣಗಿ ಪದರ ಕಟ್ಟಿತ್ತು, ಅದ್ರಡಿ ತುಕ್ಕು. ಧೂಳು ಒಂದೇ ಆದ್ರೆ ಇಷ್ಟು ಹಾಳಲ್ಲ, ಅದು ತೇವ ಹಿಡಿದಿಟ್ಕೊಳ್ಳುತ್ತೆ, ಅದೇ ತೊಂದರೆ. 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ತಂದು ಲಗ್ ಹೈಡ್ರಾಲಿಕ್ ಕ್ರಿಂಪರಲ್ಲಿ ಒತ್ತಿಸ್ದೆ (ಸುತ್ತಿಗೇಲಿ ಹೊಡೆದು ಕೂರಿಸೋದು ದಯವಿಟ್ಟು ಬೇಡ), ಬಾಡಿ ಜಾಗ ಹೊಳೆಯೋ ತನಕ ಎಮರಿ ಪೇಪರ್ ಹಾಕಿ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್. ಮತ್ತೆ ಅಳತೆ ಮಾಡಿದ್ರೆ 0.1ರ ಒಳಗೆ ಬಂತು.

ಬ್ಯಾಟರಿನೂ ಬದಲಾಯ್ಸೋಕೆ ಹೇಳ್ದೆ. ಫುಲ್ ಚಾರ್ಜ್ ಮಾಡಿ ಲೋಡ್ ಟೆಸ್ಟ್ ಹಾಕಿದಾಗ್ಲೂ ನಿಲ್ಲಲಿಲ್ಲ. ಕೆಟ್ಟ ಅರ್ಥ್ ಇದ್ರೆ ಚಾರ್ಜಿಂಗ್ ಕರೆಂಟ್ ಕೂಡ ಅದೇ ದಾರೀಲಿ ಬರಬೇಕಲ್ಲ, ಆಲ್ಟರ್ನೇಟರ್ ಬ್ಯಾಟರಿಗೆ 80 ಆಂಪ್ಸ್ ಕೊಡೋವಾಗ ಅಲ್ಲೇ 0.2 ವೋಲ್ಟ್ ಕಳೆದು ಹೋಗುತ್ತೆ, ಹಂಗಾಗಿ ಬ್ಯಾಟರಿ ಹೊಟ್ಟೆ ತುಂಬ ಚಾರ್ಜ್ ಆಗೋದು ತಡ. ಮೇಲೆ ನಮ್ಮೂರ ಬಿಸಿಲು. ಜನ ಚಳಿಗೆ ಬ್ಯಾಟರಿ ಹೋಯ್ತು ಅಂತಾರೆ, ಅದು ಮೇ ತಿಂಗಳಲ್ಲೇ ಸೊರಗಿರುತ್ತೆ, ಡಿಸೆಂಬರ್‌ನಲ್ಲಿ ಗೊತ್ತಾಗುತ್ತೆ ಅಷ್ಟೇ.

ಇಷ್ಟಾದ್ಮೇಲೂ ಒಂದು ಲೈಟ್ ಉಳೀತು. ಇಬ್ಬನಿ ಜಾಸ್ತಿ ಬಿದ್ದ ದಿನ ಸಸ್ಪೆನ್ಷನ್ ವಾರ್ನಿಂಗ್ ಮಾತ್ರ ಬರ್ತಿತ್ತು. ಈ ಸಲ ಕೋಡ್ ಒಂದೇ, ಹಿಂದಿನ ಎಡಗಡೆ ಹೈಟ್ ಸೆನ್ಸರ್. ಒಂದೇ ಕೋಡ್ ಇದ್ದಾಗ ನಂಬಬಹುದು. ಇದಕ್ಕೆ ಮುಂಜಾನೆ ತನಕ ಕಾಯೋ ಅವಶ್ಯಕತೆ ಇಲ್ಲ, ಚಳಿನ ನಾವೇ ತರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಗಂಟು ಹಾಕಿ, ಹಸಿ ಬಟ್ಟೆ ಸುತ್ತಿ, ಚಕ್ರದ ಮೇಲಿನ ಕನೆಕ್ಟರ್‌ಗೆ ಕಟ್ದೆ, ಸ್ಕ್ಯಾನರಲ್ಲಿ ಆ ಸೆನ್ಸರ್ ವೋಲ್ಟೇಜ್ ಗ್ರಾಫ್ ಹಚ್ಚಿಟ್ಟೆ. ಗಾಡಿ ನಿಂತಿದ್ದಲ್ಲೇ ನಿಂತೈತೆ, ಅಂದ್ರೆ ಗೆರೆ ನೆಟ್ಟಗೆ ಹೋಗಬೇಕು. ಸ್ವಲ್ಪ ಹೊತ್ತು ನೆಟ್ಟಗೇ ಹೋಯ್ತು, ಆಮೇಲೆ ಸಣ್ಣಗೆ ನಡುಗಿ ಒಮ್ಮೆಲೇ ಸೊನ್ನೆಗೆ ಬಿತ್ತು, ವೈರ್ ಬೆರಳಲ್ಲಿ ಅಲುಗಿಸಿದ್ರೆ ಮತ್ತೆ ಮೇಲೆ ಬಂತು. ಬಿಚ್ಚಿ ನೋಡಿದ್ರೆ ರಬ್ಬರ್ ಸೀಲ್ ಒಣಗಿ ಸೀಳಿತ್ತು, ಹೆಣ್ಣು ಪಿನ್ ಒಂದು ಸಡಿಲ, ಅಳತೆಯ ಗಂಡು ಪಿನ್ ಹಾಕಿ ಎಳೆದ್ರೆ ಹಿಡಿತನೇ ಇಲ್ಲ. ವಾಟರ್ ಸರ್ವಿಸ್‌ನವ್ರು ಪ್ರೆಷರ್ ನೀರು ಚಕ್ರದ ಗೂಡಿಗೆ ಹೊಡೆದೂ ಹೊಡೆದೂ ಹಿಂಗಾಗುತ್ತೆ. ಪಿನ್, ಸೀಲ್ ಎರಡೂ ಬದಲಾಯ್ಸಿದೆ, ಸೆನ್ಸರ್ ಹಳೇದೇ, ಈಗಲೂ ಅದೇ ಓಡ್ತೈತೆ. ಐಸ್ ನೀರು ಹನಿ ಹನಿಯಾಗಿ ಕನೆಕ್ಟರ್ ಒಳಗೇ ಇಳಿದ್ರೆ ಟೆಸ್ಟ್ ಕೆಡುತ್ತೆ, ಅದಕ್ಕೆ ಚೀಲದ ಗಂಟು ಮೇಲ್ಮುಖ ಇರಬೇಕು.

ರಾತ್ರಿ ಬ್ಯಾಟರಿ ಇಳಿಯೋ ಕೇಸ್ ಬೇರೆ, ಚಿಕ್ಕದಾಗಿ ಹೇಳ್ತೀನಿ. ಲಾಕ್ ಮಾಡಿ ಮುಕ್ಕಾಲು ಗಂಟೆ ಬಿಟ್ಟ ಮೇಲೆ ಗಾಡಿ ಬ್ಯಾಟರಿಯಿಂದ ಎಳೆಯೋ ಕರೆಂಟ್ 50 ಮಿಲಿ ಆಂಪ್ಸ್ ಒಳಗೆ ಇರಬೇಕು. ಜಾಸ್ತಿ ಇದ್ರೆ ಫ್ಯೂಸ್ ಕೀಳಬೇಡ್ರಿ, ಕಿತ್ತು ಹಾಕಿದ್ರೆ ಮಾಡ್ಯೂಲ್ ಎದ್ದು ಕೂರುತ್ತೆ, ಫ್ಯೂಸ್ ತಲೆಯ ಎರಡು ಚುಕ್ಕಿ ಮಧ್ಯೆ ಮಿಲಿ ವೋಲ್ಟ್ ನೋಡಿದ್ರೆ ಯಾವುದ್ರಲ್ಲಿ ಕರೆಂಟ್ ಹರೀತೈತೆ ಗೊತ್ತಾಗುತ್ತೆ. ಏರ್ ಸಸ್ಪೆನ್ಷನ್ ಗಾಡಿಗಳು ನಿಂತ ಮೇಲೂ ಆಗಾಗ ಎದ್ದು ಲೆವೆಲ್ ಸರಿ ಮಾಡ್ಕೋತಾವೆ, ಲೀಕ್ ಇದ್ರೆ ಅದೇ ಒಂದು ಖರ್ಚು.

ಸಾವ್ಕಾರ್ರ ಮಗ ಈಗ ಅದೇ ಗಾಡೀಲಿ ಚಳಿಗಾಲದ ಲಡಾಖ್ ಹೋಗಬೇಕು ಅಂತಾನೆ. ಹೋಗಪ್ಪಾ, ಆದ್ರೆ ಹೀಟರ್ ಪ್ಲಗ್ (ಡೀಸೆಲ್ ಇಂಜಿನ್ ಹತ್ಕೊಳ್ಳೋಕೆ ಒಳಗೆ ಬಿಸಿ ಮಾಡೋವು) ಎಲ್ಲಾ ಒಂದೊಂದಾಗಿ ನನ್ ಹತ್ರ ಚೆಕ್ ಮಾಡಿಸ್ಕೊಂಡು ಹೋಗು, ಇಲ್ಲಿ ಎರಡು ಸತ್ತಿದ್ರೂ ಗಾಡಿ ಹತ್ಕೊಳ್ಳುತ್ತೆ, ಅಲ್ಲಿ ಹತ್ಕೊಳ್ಳಲ್ಲ ಅಂತ ಹೇಳೀನಿ. ಬ್ಯಾಟರಿ ಖಾಲಿ ಬಿಟ್ಟು ರಾತ್ರಿ ಮಲಗಬಾರ್ದು ಅಂತಲೂ ಹೇಳೀನಿ, ಫುಲ್ ಚಾರ್ಜ್ ಇದ್ರೆ ಮೈನಸ್ 50ಕ್ಕೂ ಆಸಿಡ್ ಹೆಪ್ಪುಗಟ್ಟಲ್ಲ, ಪೂರ್ತಿ ಇಳಿದಿದ್ರೆ ಮೈನಸ್ 10ರ ಹತ್ರವೇ ಗಟ್ಟಿಯಾಗಿ ಡಬ್ಬಿ ಒಡೆಯುತ್ತೆ. ಹೀಟರ್ ಪ್ಲಗ್ ಕೆಲಸಕ್ಕೆ ಮುಂದಿನ ವಾರ ಗಾಡಿ ಬರುತ್ತೆ.