ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಕೂರಿಸುವುದು ಹೇಗೆ?

ನಮ್ಮ ಮನೆಯ ಎಂಟು ವರ್ಷದ ಲ್ಯಾಪ್‌ಟಾಪ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಯುತ್ತಿತ್ತು. ಕಳೆದ ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ವೇಗದ ಚಿಪ್ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿದೆ. ಈಗ ಎಲೆಗೆ ಸುಣ್ಣ ಹಚ್ಚುವುದರೊಳಗೆ ಪರದೆ ಸಿದ್ಧ.

ಎಸ್‌ಎಸ್‌ಡಿಯಲ್ಲಿ ಎರಡು ಬಗೆ. ಹಳೆ ಡಿಸ್ಕಿನ ಜಾಗದಲ್ಲೇ ಕೂರುವ ಎರಡೂವರೆ ಇಂಚಿನ ಸಾಟಾ ಒಂದು. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಇನ್ನೊಂದು. ಎಂ.2 ಸ್ಲಾಟಿನಲ್ಲೂ ಸಾಟಾ, ಎನ್‌ವಿಎಂಇ ಎಂಬ ಭೇದವಿದೆ (ಸಾಟಾ ಹಳೆ ಬಗೆಯ ಸಂಪರ್ಕ, ಇನ್ನೊಂದು ಹೊಸದು, ವೇಗದ್ದು). ಶಿರಸಿ ಪೇಟೆಗೆ ಹೋಗುವ ಮೊದಲೇ ನಿಮ್ಮ ಮಾಡೆಲ್‌ಗೆ ಯಾವುದು ಹೊಂದುತ್ತದೆ ನೋಡಿಕೊಳ್ಳಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲಿನ ಕೆಲಸವೇ ಜಾಸ್ತಿ. ಮುಖ್ಯ ಕಡತ, ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆ ಪತ್ರಗಳಿದ್ದರೆ ಆ ಫಾಂಟುಗಳನ್ನೂ ತೆಗೆದಿಡಿ. ಇಲ್ಲದಿದ್ದರೆ ಅಡಿಕೆ ಲೆಕ್ಕದ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ಮೈಕ್ರೋಸಾಫ್ಟ್ ಖಾತೆಯಿಂದ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಹಳೆ ಡಿಸ್ಕನ್ನು ಹೊರಗಿನಿಂದ ಓದಲು ಆಗದು.

ಇನ್ನು ಪೆನ್‌ಡ್ರೈವ್. ಕನಿಷ್ಠ 8 ಜಿಬಿಯದು ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಷನ್ ಟೂಲ್ ಅದಕ್ಕೆ ವಿಂಡೋಸ್ ತುಂಬಿಸುತ್ತದೆ. ಹಲವು ಜಿಬಿ ಇಳಿಯಬೇಕು, ಹಾಗಾಗಿ ಹಳ್ಳಿಯ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸುಮಾರಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿ ನೋಡಿ, ಪುಕ್ಕಟೆ ಸಿಗುತ್ತದೆ.

ಈಗ ಬಿಚ್ಚುವುದು. ಚಾರ್ಜರ್ ಕಿತ್ತು, ಪೂರ್ತಿ ಆಫ್ ಮಾಡಿ, ಹಿಂದಿನ ಮುಚ್ಚಳ ತೆಗೆಯಿರಿ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಗಳನ್ನು ಒಂದು ಹಾಳೆತಟ್ಟೆಯಲ್ಲಿ ತೆಗೆದ ಕ್ರಮದಲ್ಲೇ ಇಡಿ. ಉದ್ದ, ಗಿಡ್ಡ ಬೇರೆ ಬೇರೆ ಇರುತ್ತವೆ. ನಮ್ಮ ಮಳೆಗಾಲದ ಹಸಿ ಗಾಳಿಯಲ್ಲಿ ಮೈಮೇಲೆ ಕೂಡುವ ಸ್ಟ್ಯಾಟಿಕ್ ವಿದ್ಯುತ್ತಿಗಿಂತ ಒದ್ದೆ ಕೈಯ ಭಯವೇ ಹೆಚ್ಚು! ಕೈ ಒರೆಸಿಕೊಳ್ಳಿ. ಎಂ.2 ಓರೆಯಾಗಿ ಒಳಹೋಗಿ, ಒತ್ತಿದಾಗ ಮಲಗುತ್ತದೆ. ಆಮೇಲೆ ಚಿಕ್ಕ ಸ್ಕ್ರೂ ಬಿಗಿಯಿರಿ. ಹಳೆ ಡಿಸ್ಕನ್ನು ಹೊರಗೇ ಇಡಿ. ಒಳಗಿದ್ದರೆ ಇನ್‌ಸ್ಟಾಲ್ ಮಾಡುವಾಗ ತಪ್ಪಿ ಅದನ್ನೇ ಅಳಿಸಿಬಿಡಬಹುದು.

ಬ್ಯಾಟರಿ ಜೋಡಿಸಿ, ಮುಚ್ಚಳ ಹಾಕಿ, ಚಾರ್ಜರ್ ಸಿಕ್ಕಿಸಿ. ಕರೆಂಟು ಹೋದರೂ ಬ್ಯಾಟರಿ ಕೈಹಿಡಿಯುತ್ತದೆ. ಪೆನ್‌ಡ್ರೈವ್ ಹಾಕಿ ಆನ್ ಮಾಡಿದ ಕೂಡಲೇ ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀ ಒತ್ತಿ, ಪೆನ್‌ಡ್ರೈವ್ ಆರಿಸಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ ಇಲ್ಲ ಎನ್ನಿ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಆದರೆ ಮೊದಲು ಹೋಮ್ ಇದ್ದರೆ ಈಗಲೂ ಹೋಮ್ ಆವೃತ್ತಿಯನ್ನೇ ಆರಿಸಿ. ನಂತರ ಖಾಲಿ ಡಿಸ್ಕ್ ತೋರಿಸಿ ನೆಕ್ಸ್ಟ್ ಒತ್ತಿದರೆ ಆಯ್ತು. ವೈಫೈ ಸಿಗದೆ ಅಲ್ಲೇ ನಿಂತರೆ ಮೊಬೈಲ್ ಅನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ (ಮೊಬೈಲಿನ ನೆಟ್ ಹಂಚಿಕೊಳ್ಳುವುದು) ಆನ್ ಮಾಡಿ. ನನಗೆ ಹಾಗೇ ಆಗಿತ್ತು.

ಹಳೆ ಡಿಸ್ಕಿಗೆ ಒಂದು ಯುಎಸ್‌ಬಿ ಕೇಸ್ ತನ್ನಿ. ಕಾಪಿ ಮಾಡಲು ಮರೆತದ್ದು ಏನಾದರೂ ಇದ್ದೇ ಇರುತ್ತದೆ, ಅಲ್ವಾ? ನನ್ನದು ಇನ್ನೂ ಕಪಾಟಿನಲ್ಲಿದೆ, ಥಂಡಿ ತಾಗದಂತೆ ಹಪ್ಪಳದ ಡಬ್ಬದೊಳಗೆ.