ಏಳು ಕಿಲೋ ಚೀಲ, ಒಂದೇ ಗೋಡೆ

ನನ್ನ ಮೊದಲ ವಿದೇಶ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಕಾಗಲಿಲ್ಲ. ನೇಪಾಳಕ್ಕೆ ಹೋಗಿ ಬರಲು ಭಾರತೀಯರಿಗೆ ಮತದಾರರ ಗುರುತಿನ ಚೀಟಿ ಸಾಕು. ಆಗ ನಾನು ಬಾಗಲಕೋಟೆಯ ನವನಗರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಕೆಲಸ ಮಾಡುತ್ತಿದ್ದೆ. 2018ರ ದೀಪಾವಳಿ ಮುಗಿದ ವಾರ ಒಂದು ತಿಂಗಳ ರಜೆ ಕೇಳಿದೆ. ಮಾಲೀಕರು ಮಾತಾಡದೆ ಗೋಡೆಯ ಕ್ಯಾಲೆಂಡರ್ ತೋರಿಸಿದರು. ತುಳಸಿ ಲಗ್ನ ಆದ ಮೇಲೆ ಮುಹೂರ್ತಗಳು ಸಾಲುಗಟ್ಟುತ್ತವೆ. "ಈಗ ಹೋಗುವುದಾದರೆ ತಿರುಗಿ ಬರಬೇಡ" ಎಂದರು. ನಾನು ಹೋದೆ. ತಿರುಗಿ ಬಂದಾಗ ಅವರು ಮಾತು ಉಳಿಸಿಕೊಂಡರು.

ಕೈಯಲ್ಲಿದ್ದದ್ದು 22,000 ರೂಪಾಯಿ. ಕ್ಯಾಮೆರಾ ಬೆಳಗಾವಿಯಲ್ಲಿ 24,000ಕ್ಕೆ ಕೊಂಡ ಹಳೆಯ ನಿಕಾನ್ ಡಿ5300. ಜೊತೆಗೆ 18-55ರ ಲೆನ್ಸ್ ಮತ್ತು 35 ಎಂ.ಎಂ.ನ ಇನ್ನೊಂದು. ಹಳೆಯ ಕ್ಯಾಮೆರಾ ಕೊಳ್ಳುವವರು ಮೈಮೇಲಿನ ಗೀರುಗಳನ್ನು ನೋಡಿ ಚೌಕಾಸಿ ಮಾಡುತ್ತಾರೆ. ನೋಡಬೇಕಾದ್ದು ಅದಲ್ಲ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ನಿಕಾನ್‌ನಂಥ ಕ್ಯಾಮೆರಾಗಳಲ್ಲಿ ಫೋಟೋ ಫೈಲಿನೊಳಗೇ ಇರುತ್ತದೆ, ಅದನ್ನು ನೋಡಬೇಕು. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ಇಣುಕಿದರೆ ಒಳಗೆ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು ಕಾಣಿಸುತ್ತದೆ. ನನಗೆ ತೋರಿಸಿದ ಮೊದಲ ಎರಡು ಲೆನ್ಸುಗಳಲ್ಲಿ ಅದಿತ್ತು.

ಟ್ರೈಪಾಡ್ ಬಿಟ್ಟು ಹೊರಟೆ. ನಮ್ಮ ಊರು ಗುಳೇದಗುಡ್ಡದಿಂದ ಬಾದಾಮಿ ಹತ್ತಿರ, ನಾನು ಕಲಿತದ್ದೆಲ್ಲ ಅಲ್ಲಿನ ಗುಹೆಗಳಲ್ಲಿ. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಟ್ರೈಪಾಡ್ ಇಡುವಂತಿಲ್ಲ. ಗುಹೆಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಒಳಗೆ ನೇರ ಬಿಸಿಲು ಸಿಗುವುದು ಅಪರೂಪ. ಹಾಗಾಗಿ ಕಂಬಕ್ಕೆ ಮೊಣಕೈ ಒತ್ತಿ, ಉಸಿರು ಅರ್ಧ ಬಿಟ್ಟು, ಸೆಕೆಂಡಿನ 15ನೇ ಒಂದು ಭಾಗದಲ್ಲೂ ಅಲುಗದಂತೆ ತೆಗೆಯುವುದನ್ನು ರೂಢಿಸಿಕೊಂಡಿದ್ದೆ. ಟ್ರೈಪಾಡಿನ ಜಾಗದಲ್ಲಿ ಅವ್ವ 40 ಖಡಕ್ ರೊಟ್ಟಿ ತುಂಬಿದ ಸ್ಟೀಲ್ ಡಬ್ಬಿ ಇಟ್ಟಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೇರೆ. ಲೆನ್ಸುಗಳನ್ನು ಅಪ್ಪ ಮಗ್ಗದಿಂದ ಕತ್ತರಿಸಿ ಕೊಟ್ಟ ಖಣದ ತುಂಡುಗಳಲ್ಲಿ ಸುತ್ತಿಕೊಂಡೆ. ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ರಾತ್ರಿಯ ಊಟದ ಖರ್ಚು ಅಲ್ಲಿಗೆ ಮುಗಿಯಿತು. ಹಣವೂ ಅದೇ ಡಬ್ಬಿಯ ತಳದಲ್ಲಿ. ಭಾರತದ ದೊಡ್ಡ ನೋಟುಗಳು ಆಗ ನೇಪಾಳದಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ನೂರರ ನೋಟು ಮಾಡಿಸಿದ್ದೆ.

ಸೋಲಾಪುರದ ಮೇಲೆ ಹಾಯ್ದು ರೈಲು ಬದಲಿಸುತ್ತಾ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ ಗಡಿ, ನಡೆದು ಗಡಿ ದಾಟಿ ಮತ್ತೆ ಬಸ್ಸು. ಕಠ್ಮಂಡು ಎರಡೇ ದಿನಕ್ಕೆ ಸಾಕಾಯಿತು. ಅಲ್ಲಿಂದ ಹದಿನೈದು ಕಿಲೋಮೀಟರಿನಷ್ಟು ದೂರದ ಭಕ್ತಪುರಕ್ಕೆ ಹೋದೆ. ಊರಿನೊಳಗೆ ಹೋಗಲು ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಆಗ 500 ನೇಪಾಳಿ ರೂಪಾಯಿ. ನಮ್ಮ ನೂರಕ್ಕೆ ಅವರ 160 ಎಂಬ ದರ ಸ್ಥಿರವಾಗಿರುವುದರಿಂದ ಲೆಕ್ಕ ಸುಲಭ.

ಭಕ್ತಪುರದಲ್ಲಿ ಮೂರು ದಿನ ಇದ್ದು ಪೋಖರಾಕ್ಕೆ ಹೋಗುವ ಯೋಜನೆ ಇತ್ತು. ಎರಡನೇ ರಾತ್ರಿ ಲೆಕ್ಕ ಹಾಕಿದರೆ, ಪೋಖರಾ ನೋಡಿದರೆ ಕೊನೆಯ ವಾರ ಉಪವಾಸ. ಬೇಸರದಲ್ಲೇ ಉಳಿದೆ. ವಸತಿಗೃಹದ ಯಜಮಾನನ ಬಳಿ ತನ್ನ ಕೋಣೆಗಳ ಒಳ್ಳೆಯ ಫೋಟೋ ಇರಲಿಲ್ಲ. ಇದ್ದವು ಫ್ಲಾಶ್ ಹೊಡೆದು ತೆಗೆದವು, ಹಾಸಿಗೆ ಆಸ್ಪತ್ರೆಯದರಂತೆ ಕಾಣುತ್ತಿತ್ತು. ಕಿಟಕಿ ತೆರೆದು, ಬೆಳಗಿನ ಬೆಳಕಿನಲ್ಲಿ ಎಂಟು ಕೋಣೆಗಳನ್ನು ತೆಗೆದುಕೊಟ್ಟೆ. ಪ್ರತಿಯಾಗಿ ಹನ್ನೆರಡು ರಾತ್ರಿ ವಸತಿ. ಇಲ್ಲೊಂದು ಮಾತು: ಇದನ್ನು ನೇಪಾಳದಲ್ಲಿ ನಾನು ಧೈರ್ಯವಾಗಿ ಮಾಡಲು ನಮ್ಮವರಿಗೆ ಅಲ್ಲಿ ವಾಸಿಸಲು, ವ್ಯವಹಾರ ಮಾಡಲು ಅವಕಾಶ ಕೊಡುವ 1950ರ ಭಾರತ-ನೇಪಾಳ ಒಪ್ಪಂದ ಕಾರಣ. ಬೇರೆ ಎಷ್ಟೋ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಹೋದವರು ಹೀಗೆ ವಸತಿಗಾಗಿ ದುಡಿದರೂ ಅದು ಕೆಲಸವೇ, ಸಿಕ್ಕಿಬಿದ್ದರೆ ಗಡೀಪಾರು. ಇದನ್ನು ಹೇಳದೆ ಬರೀ ಆಸೆ ಹುಟ್ಟಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಭಕ್ತಪುರದಲ್ಲಿ ಕುಂಬಾರರ ಚೌಕ ಇದೆ. ಬಿಸಿಲು ಬೀಳುತ್ತಿದ್ದಂತೆ ಹಸಿ ಗಡಿಗೆಗಳನ್ನು ಸಾಲಾಗಿ ಇಡುತ್ತಾರೆ. ನಾನು ಹೋದಾಗ ಅದರ ಪಕ್ಕದಲ್ಲೇ ಹೊಸ ಭತ್ತವನ್ನೂ ಹರವಿದ್ದರು. ಮೊದಲ ಎರಡು ದಿನ ಎಲ್ಲ ಪ್ರವಾಸಿಗರಂತೆ ದೂರದಿಂದ ಕ್ಲಿಕ್ಕಿಸಿದೆ. ಒಬ್ಬ ಮುದುಕಿ ಕ್ಯಾಮೆರಾ ಕಂಡ ಕೂಡಲೇ ಬೆನ್ನು ತಿರುಗಿಸಿ ಕೂರುತ್ತಿದ್ದರು. ಅವರ ಬೆನ್ನಿನ 38 ಫೋಟೋಗಳು ಈಗಲೂ ನನ್ನ ಬಳಿ ಇವೆ.

ಮೂರನೇ ದಿನ ಕ್ಯಾಮೆರಾ ಚೀಲದಲ್ಲೇ ಇಟ್ಟು ಅವರ ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಸರಿದಂತೆಲ್ಲ ಗಡಿಗೆಗಳನ್ನು ತಿರುಗಿಸಬೇಕು, ಇಲ್ಲವಾದರೆ ಒಂದೇ ಕಡೆ ಒಣಗಿ ಸೀಳುತ್ತವೆ. ಸುಮ್ಮನೆ ಕೂರಲಾರದೆ ನಾನೂ ತಿರುಗಿಸಲು ಹೋದೆ, ಮೂರನೆಯದನ್ನೇ ಒಡೆದೆ. ಅಲ್ಲಿದ್ದವರೆಲ್ಲ ನಕ್ಕರು. ಮುದುಕಿ ಮಾತ್ರ ನಗದೆ ನನ್ನ ಕೈ ಹಿಡಿದು, ಬಾಯಿಯಂಚಿಗೆ ಕೈ ಹಾಕಬಾರದು, ತಳಕ್ಕೆ ಅಂಗೈ ಕೊಡಬೇಕು ಎಂದು ತೋರಿಸಿಕೊಟ್ಟರು. ಹಿಂದಿ ಬಲ್ಲ ಅವರ ಮೊಮ್ಮಗ "ಅಜಿಗೆ ನೀವು ಐವತ್ತು ರೂಪಾಯಿ ಕೊಡಬೇಕು" ಎಂದ. ಅಲ್ಲಿನ ನೇವಾರ ಜನರ ಭಾಷೆಯಲ್ಲಿ ಅಜಿ ಎಂದರೆ ನಮ್ಮ ಅಜ್ಜಿಯೇ. ಐವತ್ತು ಕೊಟ್ಟೆ. ಅದಕ್ಕಿಂತ ಚೆನ್ನಾಗಿ ಖರ್ಚಾದ ಹಣ ಆ ಪ್ರವಾಸದಲ್ಲಿ ಇನ್ನೊಂದಿಲ್ಲ.

ನಾಲ್ಕನೇ ದಿನದಿಂದ ಅಜಿ ಬೆನ್ನು ತಿರುಗಿಸಲಿಲ್ಲ. ಮುಖ ತೆಗೆಯಬೇಡ ಎಂದಷ್ಟೇ ಸನ್ನೆ ಮಾಡಿದರು. ಹಾಗಾಗಿ ಕೈಗಳನ್ನು ತೆಗೆದೆ. ಅವರು ಒದ್ದೆ ಬಟ್ಟೆಯಿಂದ ಗಡಿಗೆಯ ಬಾಯಿ ಸವರುತ್ತಿದ್ದರು. ಸವರಿದ ಕಡೆ ಮಣ್ಣು ಕನ್ನಡಿಯಂತೆ ಹೊಳೆದು ಅರ್ಧ ನಿಮಿಷದಲ್ಲಿ ಮಂಕಾಗುತ್ತಿತ್ತು. ಎಂಟೂವರೆಯ ಓರೆ ಬಿಸಿಲಿನಲ್ಲಿ, ಆ ಅರ್ಧ ನಿಮಿಷದೊಳಗೆ, ಹೆಬ್ಬೆರಳಿನ ಸೀಳುಗಳಲ್ಲಿ ಒಣಗಿದ ಮಣ್ಣು ಬಿಳಿಯಾಗಿ, ಗಡಿಗೆಯ ಅಂಚು ಕಪ್ಪಾಗಿ ಒಟ್ಟಿಗೆ ಕಾಣುವ ಒಂದು ಕ್ಷಣ ಇರುತ್ತಿತ್ತು. ಅದು ಸರಿಯಾಗಿ ಸಿಗಲು ಐದು ಬೆಳಗು ಬೇಕಾಯಿತು. ಪೋಖರಾಕ್ಕೆ ಹೋಗಿದ್ದರೆ ಅಂಥ ಕ್ಷಣ ಇದೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಆ ಫೋಟೋವನ್ನು ಕಳೆದುಕೊಳ್ಳುವುದರಲ್ಲೂ ಇದ್ದೆ. ಲ್ಯಾಪ್‌ಟಾಪ್ ಇರಲಿಲ್ಲ. ಪೆನ್‌ಡ್ರೈವಿಗೆ ನಕಲು ಮಾಡಿಸಲು ಒಂದು ಸೈಬರ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟೆ. ಮರಳಿ ತೆರೆದರೆ ಒಂದೂ ಫೋಟೋ ಇಲ್ಲ, ಬರೀ ಶಾರ್ಟ್‌ಕಟ್‌ಗಳು. ವೈರಸ್. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ವಸತಿಗೃಹದಲ್ಲಿದ್ದ ಒಬ್ಬ ಕಾಲೇಜು ಹುಡುಗ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದ, ಅಡಗಿದ್ದ ಫೈಲುಗಳೆಲ್ಲ ಹೊರಬಂದವು. ಮೆಮೊರಿ ಕಾರ್ಡಿನ ಬದಿಯಲ್ಲಿ ಉಗುರಿನಷ್ಟು ಸಣ್ಣ ಒಂದು ಕೀಲು ಇರುತ್ತದೆ. ಅದನ್ನು ಕೆಳಗೆ ಸರಿಸಿದರೆ ಕಾರ್ಡಿನ ಮೇಲೆ ಏನನ್ನೂ ಬರೆಯಲಾಗದು. ಮದುವೆಗಳಲ್ಲಿ ಮೂರು ವರ್ಷ ಅಂಥ ಕಾರ್ಡು ಬಳಸಿದ್ದೆ, ಆ ಕೀಲು ಯಾಕಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಊರಿಗೆ ಬಂದು 340 ಫೋಟೋಗಳನ್ನು ಒಂದು ಸ್ಟಾಕ್ ತಾಣಕ್ಕೆ, ಅಂದರೆ ಫೋಟೋ ಮಾರುವ ಜಾಲತಾಣಕ್ಕೆ ಹಾಕಿದೆ. ಗುರುತು ಸಿಗುವಂತೆ ಮುಖ ಇದ್ದರೆ ಆ ವ್ಯಕ್ತಿಯ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು, ಇಲ್ಲವಾದರೆ ಜಾಹೀರಾತಿಗೆ ಮಾರುವಂತಿಲ್ಲ, ಸುದ್ದಿ ಲೇಖನಗಳಿಗೆ ಮಾತ್ರ. ನನ್ನ ಬಳಿ ಒಂದೂ ಪತ್ರ ಇರಲಿಲ್ಲ. ಅಜಿಯ ಕೈಗಳಿಗೆ ಅದು ಬೇಕಾಗಲಿಲ್ಲ. ವರ್ಷದಲ್ಲಿ ಬಂದದ್ದು 38 ಡಾಲರ್, ಅದರಲ್ಲಿ 20 ಆ ಕೈಗಳದ್ದೇ. ಎಷ್ಟೋ ಸಲ ಒಂದು ಫೋಟೋಗೆ 25 ಸೆಂಟ್, ಅಂದರೆ ಒಂದು ಮಿರ್ಚಿ ಭಜಿ ಪ್ಲೇಟಿನ ಬೆಲೆ. ಒಂದು ಕನ್ನಡ ಪತ್ರಿಕೆ ಕುಂಬಾರರ ಚೌಕದ ಮೇಲೆ ನನ್ನ ಚಿತ್ರಲೇಖನ ಹಾಕಿ 1,500 ಕೊಟ್ಟಿತು. ಅಪ್ಪ ಆ ಚೆಕ್ಕನ್ನು ಎರಡು ದಿನ ದೇವರ ಮುಂದೆ ಇಟ್ಟಿದ್ದರು.

ಎರಡನೆಯ ಪ್ರವಾಸ 2019ರ ಡಿಸೆಂಬರಿನಲ್ಲಿ, ಈ ಸಲ ಪಾಸ್‌ಪೋರ್ಟ್ ಹಿಡಿದು. ಥಾಯ್ಲೆಂಡಿಗೆ ಹೋಗಿ ಇಳಿದಾಗ ಪಡೆಯುವ ವೀಸಾದ ಶುಲ್ಕ ಭಾರತೀಯರಿಗೆ ಆಗ ಮನ್ನಾ ಆಗಿತ್ತು. ವಿಮಾನದಲ್ಲಿ ಕೈಚೀಲ ಏಳು ಕಿಲೋ ಮೀರುವಂತಿಲ್ಲ. ನನ್ನದು ಏಳು ಕಿಲೋ ಇನ್ನೂರು ಗ್ರಾಂ ತೂಗಿತು. ಕೌಂಟರಿನ ಮುಂದೆಯೇ ನಿಂತು ನಾಲ್ಕು ರೊಟ್ಟಿ ತಿಂದೆ. ಬ್ಯಾಂಕಾಕಿನಿಂದ ಮೂರನೇ ದರ್ಜೆಯ ರೈಲಿನಲ್ಲಿ ಅಲ್ಲಿನ ಹಣ 50 ಬಾತ್‌ಗೂ ಕಡಿಮೆಗೆ ಆಗ ಕಾಂಬೋಡಿಯಾ ಗಡಿ ತಲುಪಬಹುದಿತ್ತು. ಅಲ್ಲಿಂದ ಸಿಯೆಮ್ ರೀಪ್, ಅಂಗ್ಕೋರ್ ವಾಟ್ ದೇವಾಲಯದ ಊರು.

ಅಂಗ್ಕೋರ್ ಪ್ರವೇಶ ಚೀಟಿ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಏಳರದ್ದೇ ಲಾಭ ಎಂದು ಕಾಣುತ್ತಿತ್ತು, ಆದರೆ ಉಳಿದ ದಿನಗಳ ಊಟ, ವಸತಿಗೆ ನನ್ನ ಬಳಿ ಹಣ ಇರಲಿಲ್ಲ. ಮೂರರದ್ದು ಕೊಂಡು ಸೈಕಲ್ ಬಾಡಿಗೆಗೆ ಹಿಡಿದೆ. ಮೊದಲ ಬೆಳಗು ಎಲ್ಲರಂತೆ ಕತ್ತಲಲ್ಲೇ ಕೊಳದ ದಂಡೆಗೆ ಹೋದೆ. ನೂರಾರು ಜನ ಒಬ್ಬರ ಹೆಗಲ ಮೇಲೊಬ್ಬರು. ದೇವಾಲಯದ ಮುಖ ಪಶ್ಚಿಮಕ್ಕೆ ಇರುವುದರಿಂದ ಸೂರ್ಯ ಗೋಪುರಗಳ ಬೆನ್ನ ಹಿಂದೆ ಹುಟ್ಟುತ್ತಾನೆ. ಸಿಗುವುದು ಕಪ್ಪು ನೆರಳು, ಕೆಂಪು ಆಕಾಶ, ನೀರಿನಲ್ಲಿ ಬಿಂಬ. ಚಂದವೇ. ಆದರೆ ನಾನು ಕಳಿಸಿದ ಅಷ್ಟೂ ಚಿತ್ರಗಳನ್ನು ತಾಣ ತಿರಸ್ಕರಿಸಿತು, ಇಂಥವು ಸಾಕಷ್ಟಿವೆ ಎಂದು.

ಪಶ್ಚಿಮದ ಮುಖ ಬೆಳಗುವುದು ಸಂಜೆ. ಆ ಮೊಗಸಾಲೆಯ ದಕ್ಷಿಣ ಭಾಗದ ಗೋಡೆಯ ಉದ್ದಕ್ಕೂ ಕುರುಕ್ಷೇತ್ರ ಕೆತ್ತಿದ್ದಾರೆ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಯಾರೂ ತೋರಿಸಿಕೊಡಬೇಕಾಗಲಿಲ್ಲ, ದೊಡ್ಡಾಟ ನೋಡುತ್ತಾ ಬೆಳೆದವನು ನಾನು. ಮಧ್ಯಾಹ್ನ ಆ ಉಬ್ಬುಶಿಲ್ಪ ಚಪ್ಪಟೆಯಾಗಿ, ಯಾವುದೋ ಹಳೆಯ ವಾಲ್‌ಪೇಪರ್ ಥರ ಕಾಣುತ್ತಿತ್ತು. ನಾಲ್ಕೂವರೆಯ ನಂತರ ಚೌಕ ಕಂಬಗಳ ನಡುವಿನಿಂದ ಬಿಸಿಲು ಓರೆಯಾಗಿ ಒಳಬಂದು ಗೋಡೆಯ ಮೇಲೆ ಪಟ್ಟಿಗಳಾಗಿ ಸರಿಯತೊಡಗಿತು. ಪಟ್ಟಿ ಹಾಯ್ದಲ್ಲಿ ಪ್ರತಿಯೊಂದು ಬಾಣವೂ ತನ್ನ ನೆರಳು ಹೊತ್ತು ಎದ್ದು ನಿಲ್ಲುತ್ತಿತ್ತು. ಭೀಷ್ಮನ ಮೇಲೆ ಅದು ನಿಂತದ್ದು ಆರು ನಿಮಿಷ. ಮೊದಲ ಸಂಜೆ ಆ ಹೊತ್ತಿಗೆ ನಾನು ಕಾರ್ಡ್ ಬದಲಿಸುತ್ತಿದ್ದೆ. ಎರಡನೇ ಸಂಜೆ ಮೋಡ. ಮೂರನೇ ಸಂಜೆ ಕಂಬಕ್ಕೆ ಮೊಣಕೈ ಒತ್ತಿ, ಬಾದಾಮಿಯಲ್ಲಿ ಮಾಡುತ್ತಿದ್ದಂತೆ, ಹನ್ನೊಂದು ಫೋಟೋ ತೆಗೆದೆ. ಬಾಯಾನ್, ತಾ ಪ್ರೋಮ್ ಎಂಬ ಅಲ್ಲಿನ ಬೇರೆ ದೇವಾಲಯಗಳನ್ನು ಸೈಕಲ್ ಮೇಲೆ ಹೋಗುತ್ತಾ ಕಂಡಷ್ಟೇ.

ಇಷ್ಟರ ಲೆಕ್ಕ: ಎರಡು ಪ್ರವಾಸ, ಕ್ಯಾಮೆರಾ ಸೇರಿ ಖರ್ಚು 1,04,000. ಆ ಫೋಟೋಗಳಿಂದ ಇಲ್ಲಿಯವರೆಗೆ ಬಂದದ್ದು 31,000. ಉಳಿದದ್ದನ್ನು ತುಂಬಿದ್ದು ಮದುವೆಗಳು. ಅಜಿಯ ಕೈಗಳ ಫೋಟೋ ನೋಡಿದ ಒಬ್ಬ ಹುಡುಗಿ ತನ್ನ ಲಗ್ನದಲ್ಲಿ ಅರಿಶಿಣ ಹಚ್ಚುವ ಕೈಗಳನ್ನು ಹಾಗೆಯೇ ತೆಗೆಯಿರಿ ಎಂದಳು, ಅದನ್ನು ನೋಡಿ ಇನ್ನೊಬ್ಬಳು. ಈಗ ಸ್ವಂತ ಆರ್ಡರುಗಳಿವೆ. ಬರುವ ವಾರ ಇಳಕಲ್ಲಿನಲ್ಲಿ ಒಂದು ಲಗ್ನ. ಮುಂಗಡ ಕೊಡುವಾಗ ಮದುಮಗಳ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಒಂದೆರಡರಲ್ಲಾದರೂ ನಮ್ಮ ಮುಖ ಬರುತ್ತದಲ್ಲವೇ ತಮ್ಮಾ?"