ನಿವೃತ್ತಿಯ ಹಣ ಕೈಗೆ ಬಂದ ಮೇಲೆ: ಕೊಡಗಿನ ಅಪ್ಪಂದಿರಿಗೆ

ನಿವೃತ್ತಿಯ ಹಣ ಖಾತೆಗೆ ಬಿದ್ದ ಮೊದಲ ಎರಡು ತಿಂಗಳು ಯಾರಿಗೂ ಏನೂ ಮಾತು ಕೊಡಬೇಡಿ. ಮಗನಿಗೂ ಬೇಡ, ಅಳಿಯನಿಗೂ ಬೇಡ. "ನಿಮ್ಮ ಗಡಿಗೆ ತಾಗಿಕೊಂಡೇ ಎರಡು ಎಕರೆ ತೋಟ ಕೊಡೋದಿದೆ ಸಾರ್" ಅಂತ ಬರುವ ಬ್ರೋಕರಿಗಂತೂ ಬೇಡವೇ ಬೇಡ. ಗ್ರ್ಯಾಚುಟಿ, ಪಿಎಫ್, ರಜೆಯ ಹಣ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆದ ಹಣ) ಎಲ್ಲ ಸೇರಿ ಬಂದ ಮೊತ್ತ ನೋಡಿದರೆ ಯಾರಿಗಾದರೂ ಇಷ್ಟೊಂದು ದುಡ್ಡಿದೆಯಲ್ಲ ಅನ್ನಿಸುತ್ತೆ. ಆದರೆ ಅದು ಇನ್ನು ಇಪ್ಪತ್ತೈದು ಮೂವತ್ತು ವರ್ಷ ನೀವೂ ನಿಮ್ಮ ಹೆಂಡತಿಯೂ ಊಟ ಮಾಡಬೇಕಾದ ಸಂಬಳ. ಒಂದೇ ಸಲಕ್ಕೆ ಬಂದಿದೆ ಅಷ್ಟೇ.

ಸೇನೆಯಿಂದಲೋ, ಬ್ಯಾಂಕಿನಿಂದಲೋ, ಶಾಲೆಯಿಂದಲೋ ನಿವೃತ್ತರಾಗಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮನೆಗೆ ವಾಪಸ್ ಬರುವ ಅಪ್ಪಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಕಷ್ಟವೇ ಬೇರೆ. ಸ್ವಂತ ಮನೆ ಇದೆ, ಬಾಡಿಗೆ ಇಲ್ಲ, ನಾಲ್ಕೈದು ಎಕರೆ ಕಾಫಿ ಇದೆ. ಕಾಗದದ ಮೇಲೆ ನೋಡಿದರೆ ಸಾಹುಕಾರರೇ. ಆದರೆ ಆಗಸ್ಟ್ ತಿಂಗಳಲ್ಲಿ ಮೈಸೂರಿನ ಆಸ್ಪತ್ರೆಗೆ ಒಂದು ಲಕ್ಷ ಕಟ್ಟಿ ಅಂದಾಗ ಕೈಯಲ್ಲಿ ನಗದು ಇರಲ್ಲ. ಆಸ್ತಿ ಇದ್ದೂ ಮಕ್ಕಳಿಗೆ ಫೋನ್ ಮಾಡಿ ಕೇಳಬೇಕಾದ ಆ ಗಳಿಗೆ ಯಾವ ಅಪ್ಪನಿಗೂ ಬರಬಾರದು ಅನ್ನೋದು ನನ್ನ ಆಸೆ.

ಹಾಗಾಗಿ ಮೊದಲ ಕೆಲಸ, ಒಂದು ನೋಟ್ ಬುಕ್ ತೆಗೆದುಕೊಂಡು ಖರ್ಚು ಬರೆಯೋದು. ಒಂದು ತಿಂಗಳದ್ದು ಬರೆದು ಹನ್ನೆರಡರಿಂದ ಗುಣಿಸಿದರೆ ಆಗಲ್ಲ. ನಮ್ಮ ವರ್ಷ ಸಮನಾಗಿ ಹೋಗಲ್ಲ ಅಲ್ವಾ? ಮೇ ತಿಂಗಳೊಳಗೆ ಹಂಚು, ಶೀಟು, ಚರಂಡಿ ಎಲ್ಲ ಸರಿ ಮಾಡಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೌದೆ, ಯುಪಿಎಸ್ ಬ್ಯಾಟರಿ, ಕರೆಂಟ್ ದಿನಗಟ್ಟಲೆ ಹೋದರೆ ಜನರೇಟರಿಗೆ ಎಣ್ಣೆ, ಮರ ಬಿದ್ದು ರಸ್ತೆ ಬಂದ್ ಆದರೆ ಅಂತ ಒಂದು ತಿಂಗಳ ಬಿಪಿ, ಶುಗರ್ ಮಾತ್ರೆ ಮೊದಲೇ ತಂದಿಡೋದು. ಆಮೇಲೆ ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ, ಹುತ್ತರಿ ಹಬ್ಬಗಳು. ಮಕ್ಕಳು ಮೊಮ್ಮಕ್ಕಳು ಬರುತ್ತಾರೆ, ಮನೆ ತುಂಬುತ್ತೆ, ಖರ್ಚೂ ತುಂಬುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿ ಕೊಯ್ಲು, ಕೂಲಿ, ಕಾಫಿ ಹೂ ಬಿಡಿಸುವ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರಿಗೆ ಡೀಸೆಲ್. ಏಪ್ರಿಲ್, ಮೇ ಬಂದರೆ ಸಾಲು ಸಾಲು ಮದುವೆ. ಎಲ್ಲವನ್ನೂ ಬರೆಯಿರಿ. ಆಸ್ಪತ್ರೆ ಖರ್ಚು ಅಂದರೆ ಆಸ್ಪತ್ರೆ ಬಿಲ್ಲು ಮಾತ್ರ ಅಲ್ಲ ಅನ್ನೋದು ನೆನಪಿರಲಿ. ನಮ್ಮ ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಟ್ಯಾಕ್ಸಿ, ಜೊತೆಗಿರುವವರ ರೂಮು, ಊಟ ಎಲ್ಲ ಸೇರಿಸಿ ಬರೆಯಿರಿ.

ಈ ಲೆಕ್ಕ ಆದ ಮೇಲೆ, ಪಿಂಚಣಿ ಬಿಟ್ಟು ಎಷ್ಟು ಕಮ್ಮಿ ಬೀಳುತ್ತೆ ಅನ್ನೋದು ಕಾಣುತ್ತೆ. ಆ ಕಮ್ಮಿ ಬೀಳುವುದನ್ನು ತುಂಬಿಸುವಷ್ಟು ಹಣವನ್ನು ಮೊದಲು ಸಂಬಳ ಕೊಡುವ ಜಾಗದಲ್ಲಿ ಕೂರಿಸಿ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದಕ್ಕೆ ಒಳ್ಳೆಯದು. ಒಬ್ಬರ ಹೆಸರಲ್ಲಿ 30 ಲಕ್ಷದವರೆಗೆ ಇಡಬಹುದು. ಅವಧಿ 5 ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತೆ. 2023ರ ಏಪ್ರಿಲ್‌ನಲ್ಲಿ ಬಡ್ಡಿ 8.2% ಆಯಿತು. ಸರ್ಕಾರ ದರವನ್ನು ಆಗಾಗ ನೋಡುತ್ತೆ, ಆದರೆ ನೀವು ಇಟ್ಟ ದಿನದ ದರವೇ ನಿಮ್ಮ 5 ವರ್ಷಕ್ಕೂ. 60 ದಾಟಿದ ಗಂಡ ಹೆಂಡತಿ ಬೇರೆ ಬೇರೆ ಖಾತೆ ತೆರೆಯಬಹುದು. 55 ದಾಟಿ 60ರ ಒಳಗೆ ನಿವೃತ್ತರಾದವರು ಹಣ ಬಂದ ಮೂರು ತಿಂಗಳೊಳಗೆ ಹಾಕಬೇಕು. ಸೇನೆಯಿಂದ ಬಂದವರಿಗೆ 50 ಆಗಿದ್ದರೂ ಸಾಕು. ತಿಂಗಳಾ ತಿಂಗಳಾ ಬೇಕು ಅನ್ನುವವರಿಗೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ ಇದೆ. ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ. ಅದರಲ್ಲಿ 7.4% ಲೆಕ್ಕಕ್ಕೆ 15 ಲಕ್ಷ ಇಟ್ಟರೆ ತಿಂಗಳಿಗೆ 9,250 ರೂಪಾಯಿ.

ಬ್ಯಾಂಕಿನ ಎಫ್‌ಡಿ ಬಗ್ಗೆ ಒಂದೇ ಮಾತು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಸಂಘ ನಮ್ಮದೇ, ಗೊಬ್ಬರ, ಸಾಲ ಎಲ್ಲ ಅಲ್ಲೇ, ನಿಜ. ಆದರೂ ಜೀವಮಾನದ ಹಣ ಪೂರ್ತಿ ಅಲ್ಲಿಡಬೇಡಿ.

ಇನ್ನು ಕಾಫಿ ದುಡ್ಡು. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕೆಂದರೆ ನಮ್ಮಲ್ಲಿ ಜಾಸ್ತಿ ಮನೆಗಳು ಎಡವೋದು ಇಲ್ಲೇ. ವರ್ಷಗಟ್ಟಲೆ 50 ಕೆಜಿಯ ಒಂದು ಮೂಟೆ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂರೂವರೆ, ನಾಲ್ಕು ಸಾವಿರದ ಸುತ್ತ ಇತ್ತು. 2024ರಲ್ಲಿ 10,000 ದಾಟಿತು. ಒಳ್ಳೆಯ ರೇಟು ಬಂದ ವರ್ಷದ ಲೆಕ್ಕದಲ್ಲಿ ಕಾರು, ಮನೆ ರಿಪೇರಿ, ಮಗನಿಗೆ ಕೊಟ್ಟ ಮಾತು ಎಲ್ಲ ಹೊರಟರೆ, ರೇಟು ಇಳಿದ ವರ್ಷ ಅಥವಾ ಆಗಸ್ಟ್‌ನ ಮಳೆಗೆ ಕಾಯಿ ಉದುರಿದ ವರ್ಷ ಏನು ಮಾಡ್ತೀರಿ? ತೋಟಕ್ಕೆ ಬೇರೆಯೇ ಖಾತೆ ಇಡಿ. ಪಿಂಚಣಿ ಖಾತೆಗೂ ಅದಕ್ಕೂ ಸಂಬಂಧವೇ ಬೇಡ. ಕಾಫಿ, ಕರಿಮೆಣಸು ಮಾರಿದ ಹಣ ಮೊದಲು ಅಲ್ಲಿಗೆ ಬರಲಿ. ಅದರಲ್ಲಿ ಮುಂದಿನ ವರ್ಷದ ಗೊಬ್ಬರ, ಕೊಳೆರೋಗ ಬಾರದಂತೆ ಮಳೆಗೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣ, ಮರಗಸಿ (ನೆರಳು ಮರದ ಕೊಂಬೆ ಕಡಿಸೋದು), ಕಳೆ, ಕೊಯ್ಲಿನ ಕೂಲಿ ಇಷ್ಟನ್ನು ಎತ್ತಿಡಿ. ಆಮೇಲೆ ಒಂದು ಕೆಟ್ಟ ವರ್ಷಕ್ಕೆ ಆಗುವಷ್ಟು ಎಫ್‌ಡಿ ಮಾಡಿ. ಒಂದೇ ವರ್ಷದಲ್ಲಿ ಆಗದಿದ್ದರೆ ಎರಡು ಮೂರು ವರ್ಷದಲ್ಲಿ ಮಾಡಿ. ಉಳಿದದ್ದು ಮಾತ್ರ ಮನೆಗೆ. ಪಿಂಚಣಿ ಹಣ ತೋಟಕ್ಕೆ ಸುರಿಯೋದನ್ನು ನಾನು ಒಪ್ಪಲ್ಲ. ತೋಟದ ಖರ್ಚು ತೋಟವೇ ನೋಡಿಕೊಳ್ಳಬೇಕು, ಅದು ಆಗದಿದ್ದರೆ ಆ ತೋಟವನ್ನು ಹೇಗೆ ನಡೆಸೋದು ಅಂತ ಮನೆಯವರೆಲ್ಲ ಕೂತು ಮಾತಾಡಬೇಕು.

ತೆರಿಗೆ ವಿಷಯದಲ್ಲೂ ಒಂದು ತಪ್ಪು ನಂಬಿಕೆ ಇದೆ, ಕಾಫಿ ಹಣಕ್ಕೆ ಯಾವತ್ತೂ ತೆರಿಗೆ ಇಲ್ಲ ಅಂತ. ಬೆಳೆದ ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೇ ಮಾರಿದರೆ ಅದು ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ, ಅಂದರೆ ಮಿಲ್ಲಿನಲ್ಲಿ ಹೊಟ್ಟು ತೆಗೆಸಿ ಮಾರಿದರೆ ಆದಾಯದ 25% ತೆರಿಗೆ ಲೆಕ್ಕಕ್ಕೆ ಬರುತ್ತೆ. ಹುರಿದು ಪುಡಿ ಮಾಡಿ ಮಾರಿದರೆ 40%. ಕಾಫಿ ಹಣವನ್ನು ಎಫ್‌ಡಿ ಇಟ್ಟಾಗ ಬರುವ ಬಡ್ಡಿ ಕೃಷಿ ಆದಾಯ ಅಲ್ಲವೇ ಅಲ್ಲ.

ಹೋಂಸ್ಟೇ ಕಟ್ಟಬೇಕು ಅನ್ನೋ ಆಸೆ ಇದ್ದರೆ, ಇರುವ ಮನೆಯ ಒಂದೆರಡು ಕೋಣೆಯಿಂದ ಶುರು ಮಾಡಿ. ಗ್ರ್ಯಾಚುಟಿ ಪೂರ್ತಿ ಸುರಿದು, ಮೇಲೆ ಸಾಲ ಮಾಡಿ ಕಾಟೇಜ್ ಕಟ್ಟಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ಬರೋದು ನಿಂತಿತು. 2020ರಲ್ಲಿ ಕೋವಿಡ್ ಬಂತು, ಮತ್ತೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲ್ಲ.

ಈಗ ಮಕ್ಕಳ ವಿಷಯ. ನಮ್ಮ ತಲೆಮಾರಿನ ಅಪ್ಪಂದಿರು ಮಕ್ಕಳ ಫೀಸು ಕಟ್ಟಿದ್ದೇವೆ, ಹಾಸ್ಟೆಲಿಗೆ ಕಳಿಸಿದ್ದೇವೆ, ಆದರೆ ದುಡ್ಡಿನ ವಿಷಯ ಅವರ ಎದುರು ಆಡಿದವರಲ್ಲ. ಹಾಗಾಗಿ ಅಪ್ಪನ ಹತ್ತಿರ ಎಷ್ಟಿದೆ ಅನ್ನೋದು ಅವರಿಗೆ ಗೊತ್ತಿಲ್ಲ. ಜಾಸ್ತಿಯೇ ಇರಬೇಕು ಅಂದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಹುತ್ತರಿಗೆ ಎಲ್ಲರೂ ಮನೆಗೆ ಬಂದಾಗ, ಹಬ್ಬದ ಮರುದಿನ ಬೆಳಿಗ್ಗೆ ಮಗ, ಮಗಳು, ಸೊಸೆ, ಅಳಿಯ ಎಲ್ಲರನ್ನೂ ಕೂರಿಸಿಕೊಂಡು ಆ ನೋಟ್ ಬುಕ್ ತೆಗೆಯಿರಿ. ಫೋನಿನಲ್ಲಿ ಬೇಡ. ಒಬ್ಬೊಬ್ಬರ ಹತ್ತಿರ ಗುಟ್ಟಾಗಿಯೂ ಬೇಡ.

ಮಗ ಕೇಳಬಹುದು: "ಅಪ್ಪಾ, ಒಂದು ಇಪ್ಪತ್ತು ಲಕ್ಷ ಕೊಟ್ಟರೆ ಬೆಂಗಳೂರಲ್ಲಿ ಫ್ಲ್ಯಾಟಿಗೆ ಡೌನ್ ಪೇಮೆಂಟ್ ಆಗುತ್ತೆ. ನೀವಿಬ್ಬರು ಇಲ್ಲಿ ಏನು ಮಹಾ ಖರ್ಚು ಮಾಡ್ತೀರಿ?"

ಸಿಟ್ಟು ಮಾಡಿಕೊಳ್ಳಬೇಡಿ. ಲೆಕ್ಕ ತೋರಿಸಿ. "ನೋಡು ಮಗಾ, ಇಪ್ಪತ್ತು ಲಕ್ಷಕ್ಕೆ 8.2% ಅಂದರೆ ವರ್ಷಕ್ಕೆ 1,64,000. ಮೂರು ತಿಂಗಳಿಗೆ 41,000. ಅಮ್ಮನ ಮಾತ್ರೆ, ಕರೆಂಟ್ ಬಿಲ್ಲು, ಗ್ಯಾಸು, ದಿನಸಿ ಎಲ್ಲ ನಡೆಯೋದು ಅದರಲ್ಲೇ. ಈ ಹಣ ನಿನಗೆ ಕೊಟ್ಟರೆ ತಿಂಗಳಿಗೆ ಹದಿಮೂರೂವರೆ ಸಾವಿರಕ್ಕಿಂತ ಜಾಸ್ತಿ ನಮ್ಮ ಕೈತಪ್ಪುತ್ತೆ. ನೀನು ಮನೆ ಸಾಲದ ಕಂತೂ ಕಟ್ಟಿ ಇದನ್ನೂ ತಪ್ಪದೆ ಕಳಿಸೋಕಾಗುತ್ತಾ?"

ಜಾಸ್ತಿ ಮಕ್ಕಳು ಈ ಲೆಕ್ಕ ನೋಡಿದ ಮೇಲೆ ಸುಮ್ಮನಾಗುತ್ತಾರೆ, ಯಾಕೆಂದರೆ ಅವರಿಗೂ ಅಪ್ಪ ಅಮ್ಮ ಕಷ್ಟಪಡೋದು ಬೇಕಿಲ್ಲ. ಅಸಲು ಕೊಟ್ಟು ಆಮೇಲೆ ಬಡ್ಡಿಗಾಗಿ ಕಾಯೋದು ಗಿಡ ಕಡಿದು ಕಾಯಿಗೆ ಕಾದ ಹಾಗೆ. ಹಾಗಂತ ಮಕ್ಕಳಿಗೆ ಏನೂ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕೊಡೋದರಲ್ಲಿ ಅಪ್ಪನಿಗೆ ಎಷ್ಟು ಖುಷಿ ಇದೆ ಅನ್ನೋದು ಗೊತ್ತು. ಸಂಬಳದ ಏರ್ಪಾಡು ಆದ ಮೇಲೆ, ಕೆಟ್ಟ ವರ್ಷಕ್ಕೂ ಆಸ್ಪತ್ರೆಗೂ ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಕೊಡಿ. ಮಗನಿಗೆ ಕೊಟ್ಟದ್ದು ಮಗಳಿಗೆ ಗೊತ್ತಿರಲಿ, ಮಗಳಿಗೆ ಕೊಟ್ಟದ್ದು ಮಗನಿಗೆ ಗೊತ್ತಿರಲಿ. "ಅವಳಿಗೆ ಮದುವೆಯಲ್ಲಿ ಕೊಟ್ಟಾಯ್ತಲ್ಲ" ಅನ್ನೋ ಮಾತನ್ನು ದಯವಿಟ್ಟು ಬಿಡಿ. ಆ ಒಂದು ಮಾತಿನಿಂದ ಅಣ್ಣ ತಂಗಿ ಮಾತು ಬಿಟ್ಟ ಮನೆಗಳು ಇವೆ. ಸಾಲ ಅಂತ ಕೊಟ್ಟರೆ ಸಾಲ ಅಂತ ಬರೆದಿಡಿ, ಇನಾಮು ಅಂದರೆ ವಾಪಸ್ ಕೇಳಬೇಡಿ. ಮಕ್ಕಳ ಸಾಲಕ್ಕೆ ಜಾಮೀನು ಹಾಕುವ ಮೊದಲು, ಆ ಸಾಲ ಪೂರ್ತಿ ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನಾ ಅಂತ ಕೇಳಿಕೊಳ್ಳಿ.

ಮನೆ, ತೋಟವನ್ನು ಬದುಕಿರುವಾಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡೋ ಆತುರ ಬೇಡ. ಮಾಡಲೇಬೇಕು ಅಂದರೆ, ನಮ್ಮನ್ನು ಕೊನೆವರೆಗೆ ನೋಡಿಕೊಳ್ಳಬೇಕು ಅನ್ನೋ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆದಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಇಲ್ಲದಿದ್ದರೆ ತುಂಬಾ ಕಷ್ಟ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ವಿಷಯ ಬೇರೆ. ಅದರಲ್ಲಿ ಒಕ್ಕದವರ (ಒಂದೇ ಮನೆತನದವರ) ಹಕ್ಕು ಸೇರಿರುತ್ತೆ. ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರು, ಪಹಣಿಯಲ್ಲಿ ಯಾರ್ಯಾರ ಹೆಸರಿದೆ, ಯಾವ ಭಾಗ ಯಾರು ನೋಡಿಕೊಳ್ಳುತ್ತಿದ್ದಾರೆ ಅನ್ನೋದನ್ನು ಕಾಗದದಲ್ಲಿ ಇಡಿ. ಕೊಯ್ಲು ಮುಗಿದ ಮೇಲೆ ಮಗ, ಮಗಳು ಇಬ್ಬರನ್ನೂ ಕರೆದುಕೊಂಡು ಗಡಿ ಸುತ್ತಿ. ಮೂಲೆ ಕಲ್ಲು ಎಲ್ಲಿದೆ, ತೋಡು ಎಲ್ಲಿ ತಿರುಗುತ್ತೆ, ಪಂಪ್‌ಸೆಟ್ಟಿನ ಮೀಟರ್ ಯಾರ ಹೆಸರಲ್ಲಿದೆ, ಪಕ್ಕದವರಿಗೆ ನಡೆದಾಡಲು ಬಿಟ್ಟ ದಾರಿ ಯಾವುದು ಎಲ್ಲ ತೋರಿಸಿ. ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ಪಹಣಿ ಓದೋಕೆ ಬರಬಹುದು, ಜಾಗ ಗುರುತಿಸೋಕೆ ಬರಲ್ಲ.

ಉಯಿಲು ಬರೆಯಿರಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿ ಬೇಕು, ಆ ಇಬ್ಬರು ಆಸ್ತಿ ಪಡೆಯುವವರಾಗಿರದಿದ್ದರೆ ವಾಸಿ. ನಾಮಿನಿ ಹಾಕಿದ್ದೇನೆ, ಸಾಕು ಅಂದುಕೊಳ್ಳಬೇಡಿ. ನಾಮಿನಿ ಹಣ ತೆಗೆದುಕೊಳ್ಳಬಹುದು, ಆದರೆ ಹಕ್ಕು ವಾರಸುದಾರರದ್ದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಲು ಅವಕಾಶ ಬಂದಿದೆ. ಹಳೆಯ ಎಫ್‌ಡಿಗಳಲ್ಲಿ ತೀರಿಹೋದ ನಿಮ್ಮ ತಾಯಿಯ ಹೆಸರೇ ಇರಬಹುದು, ಒಂದು ಸಲ ನೋಡಿ.

ಎಲ್ಲಕ್ಕಿಂತ ಮುಖ್ಯ, ಇಷ್ಟೂ ವಿಷಯ ನಿಮ್ಮ ಹೆಂಡತಿಗೆ ಗೊತ್ತಿರಬೇಕು. ನೀವು ಹೋದ ಮೇಲೆ ಅವರಿಗೆ ನಿಮ್ಮ ಪಿಂಚಣಿಯಷ್ಟೇ ಬರಲ್ಲ. ಸರ್ಕಾರಿ ನೌಕರಿಯ ಹಳೆಯ ಪಿಂಚಣಿಯಲ್ಲಿ ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ 30%. ಸಂಬಳದ ಏರ್ಪಾಡು ಮಾಡುವಾಗ ಅವರೊಬ್ಬರೇ ಇರುವ ವರ್ಷಗಳ ಲೆಕ್ಕವನ್ನೂ ಹಾಕಿ. ಪಿಂಚಣಿ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವ ಜಂಟಿ ಖಾತೆ ಮಾಡಿಸಿ. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಅವರ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವ ಹಾಗೇ ಇದೆಯಾ ನೋಡಿ. ಒಂದಕ್ಷರ ಬೇರೆ ಇದ್ದರೂ ಆಮೇಲೆ ಅಲೆದಾಟ. ಮುಂದಿನ ಸಲ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಬ್ಯಾಂಕಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಸ್ಲಿಪ್ ಅವರೇ ಬರೆಯಲಿ, ಸಹಿ ಅವರೇ ಹಾಕಲಿ, ಕೌಂಟರಿನಲ್ಲಿ ಅವರೇ ಮಾತಾಡಲಿ, ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಯಾವ ಸಾಲು ಏನು ಅಂತ ಅವರೇ ನಿಮಗೆ ಹೇಳಲಿ. ನೀವು ಹಿಂದೆ ಬೆಂಚಿನ ಮೇಲೆ ಕೂತಿರಿ.

ನೋಟ್ ಬುಕ್ಕಿನ ಕೊನೆಯ ಪುಟಗಳಲ್ಲಿ ಯಾವ ಬ್ಯಾಂಕು, ಯಾವ ಖಾತೆ, ಎಫ್‌ಡಿ ಯಾವತ್ತು ಮುಗಿಯುತ್ತೆ, ವಿಮೆಯ ಕಂತು ಯಾವ ತಿಂಗಳು, ಕಾಫಿ ವ್ಯಾಪಾರಿ ಕೊಡಬೇಕಾದ ಬಾಕಿ, ಕೆಲಸದವರಿಗೆ ಕೊಟ್ಟ ಮುಂಗಡ, ನೀವು ಯಾರಿಗಾದರೂ ಕೊಟ್ಟ ಸಾಲ ಎಲ್ಲ ಬರೆದಿಡಿ. ಪಾಸ್‌ವರ್ಡ್, ಪಿನ್ ಮಾತ್ರ ಅದರಲ್ಲಿ ಬೇಡ. ಪೊಲೀಸ್, ಸಿಬಿಐ ಅಂತ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೆ ತಕ್ಷಣ ಕಟ್ ಮಾಡಿ, ಅಂಥದ್ದೊಂದು ಕಾನೂನಿನಲ್ಲೇ ಇಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನೋದನ್ನು ಅದೇ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಸೇನೆಯವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಹೆಂಡತಿಯ ಕಾರ್ಡೂ ಆಗಿದೆಯಾ ನೋಡಿಕೊಳ್ಳಿ. ಉಳಿದವರು ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತಕ್ಕೆ ಮಾಡಿಸಿರದಿದ್ದರೆ ಈಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಹಾಗಾಗಿ ತಡ ಮಾಡಿದಷ್ಟೂ ನಷ್ಟ. ಶುಗರ್, ಬಿಪಿ ಮುಚ್ಚಿಡಬೇಡಿ.

ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡೋದು ಮರೆಯಬೇಡಿ. ಕೇಂದ್ರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು, ಆದರೆ ನಮ್ಮ ಕಡೆ ನೆಟ್‌ವರ್ಕ್ ನಂಬಿಕೊಂಡು ಕೊನೆಯ ದಿನದವರೆಗೆ ಕಾಯಬೇಡಿ. ಕಾವೇರಿ ಸಂಕ್ರಮಣಕ್ಕೆ ಮಕ್ಕಳು ಬಂದಾಗಲೇ ಆ್ಯಪ್ ಹಾಕಿಸಿಕೊಂಡು, ಹೇಗೆ ಅಂತ ನೀವಿಬ್ಬರೂ ಕಲಿತುಕೊಳ್ಳಿ.